ನುಸ್ರತ್‌ಳ ನಿದ್ರೆ

ಬೆಳ್ತಂಗಡಿ
12 ಜನವರಿ 2025

ವಿಜೇತಾ,

ನಾಲ್ಕು ವರ್ಷವಾದ ಮೇಲೆ ನನ್ನ ಅಕ್ಷರದ ಗುರುತು ಸಿಕ್ಕಿತೋ ಇಲ್ಲವೋ. ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಮೂರು ವರ್ಷ ನಿನ್ನ ಪಕ್ಕದ ಮಂಚದಲ್ಲಿದ್ದ ನುಸ್ರತ್ ನಾನು. ಫೋನ್ ಮಾಡಬಹುದಿತ್ತು. ಫೋನಾದರೆ ನೀನು ಏನಾದರೂ ಹೇಳಲೇಬೇಕಾಗುತ್ತದೆ. ಪತ್ರವಾದರೆ ಓದಿ ಸುಮ್ಮನಿರಬಹುದು. ಅದಕ್ಕೇ ಪತ್ರ.

ಮೊದಲು ಸಂತೋಷದ ಸುದ್ದಿ. ನನಗೆ ಕೆಲಸ ಸಿಕ್ಕಿತು! ಉಮ್ಮ ತೀರಿಹೋದ ಮೇಲೆ ಡಯಾಲಿಸಿಸ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದೆ. ಎರಡು ವರ್ಷ, ವಾರಕ್ಕೆ ಮೂರು ಸಲ ನಮ್ಮೂರು ಕನ್ಯಾನದಿಂದ ಮಂಗಳೂರಿಗೆ ಉಮ್ಮನನ್ನು ಕರೆದುಕೊಂಡು ಹೋಗಿ ಆ ಯಂತ್ರದ ಪಕ್ಕ ಕೂತವಳು ನಾನು. ಯಂತ್ರ ನಡೆಸುವವರ ಜಾಗದಲ್ಲಿ ನಿಲ್ಲಬೇಕು ಎಂಬ ಹಟ ಆಗಲೇ ಹುಟ್ಟಿತ್ತು. ಇಲ್ಲಿನ ಒಂದು ಆಸ್ಪತ್ರೆಗೆ ಹೊಸದಾಗಿ ಆರು ಯಂತ್ರಗಳು ಬಂದಿವೆ. ಅದರಲ್ಲಿ ಎರಡು ನನ್ನ ಪಾಲಿನವು.

ಪಾಲಿನವು ಆಗಬೇಕಿತ್ತು ಎನ್ನಬೇಕು. ರಕ್ತದ ಜೊತೆ ಕೆಲಸ ಮಾಡುವವರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಬೇಕು, ಅದು ಮೈಗೆ ಹಿಡಿದಿದೆಯೇ ಎಂದು ರಕ್ತ ಪರೀಕ್ಷೆಯೂ ಆಗಬೇಕು. ಮೂರು ಡೋಸ್ ಕೋರ್ಸಿನ ಕಾಲದಲ್ಲೇ ಮುಗಿದಿತ್ತು. ಬಿ.ಸಿ. ರೋಡಿನ ಲ್ಯಾಬಿನಿಂದ ವರದಿ ಬಂತು. ಆ್ಯಂಟಿಬಾಡಿಯ ಅಂಕಿ ಕಡಿಮೆ ಎಂದರೂ ಹತ್ತು ಇರಬೇಕು. ನನ್ನದು ಎರಡು. ನನ್ನ ಜೊತೆ ಸೇರಿದ ಹುಡುಗಿಯದು ಆರು ನೂರು ಚಿಲ್ಲರೆ.

"ನಿಮ್ಮನ್ನು ಸೂಜಿಯ ಹತ್ತಿರ ಬಿಡ್ಲಿಕ್ಕೆ ಆಗುವುದಿಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳುವುದು," ಎಂದರು ಡಾಕ್ಟರಮ್ಮ. ಈಗ ನಾನು ನೀರು ಶುದ್ಧ ಮಾಡುವ ಕೋಣೆಯಲ್ಲಿದ್ದೇನೆ. ಗಾಜಿನ ಆಚೆ ನನ್ನ ಯಂತ್ರಗಳನ್ನು ಬೇರೆಯವರು ನಡೆಸುತ್ತಾರೆ. ಈ ವರ್ಷದೊಳಗೆ ಅಂಕಿ ಹತ್ತು ದಾಟದಿದ್ದರೆ ಬೇರೆ ವಿಭಾಗವಂತೆ.

ನಿನ್ನ ಊರು ಬೆಳುವಾಯಿಯ ಶಾಲೆಯಲ್ಲಿ ನೀನು "ನಿದ್ರೆ ಮತ್ತು ರೋಗನಿರೋಧಕ ಶಕ್ತಿ" ಎಂದು ಮಾತಾಡಿದ್ದು ಪೇಪರಿನಲ್ಲಿ ಬಂದಿತ್ತು. ಮೂರು ಸಲ ಓದಿದೆ. ಹೋದ ವರ್ಷ ನನಗೆ ಸರ್ಪಸುತ್ತು ಆಗಿತ್ತು, ಮೂವತ್ತು ತುಂಬುವ ಮೊದಲೇ. ನೆಗಡಿ ಬಂದರೆ ಒಂದು ತಿಂಗಳು. ಬಾಯಿಹುಣ್ಣು ಸದಾ. ಮತ್ತೆ, ವಿಜೇತಾ, ನನಗೆ ನಿದ್ರೆ ಬರುವುದಿಲ್ಲ.

ಇವಕ್ಕೆಲ್ಲ ಸಂಬಂಧ ಉಂಟಾ?

ನುಸ್ರತ್


ಮಿಜಾರು
18 ಜನವರಿ 2025

ನನ್ನ ನುಸ್ರತ್,

ಉಂಟು! ಉಂಟು ಮಾರಾಯ್ತಿ, ಉಂಟು! ನಿನ್ನ ಪತ್ರ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಓದಿ ಎದ್ದು ನಿಂತುಬಿಟ್ಟೆ. ಪಕ್ಕದ ಮೇಡಂ ಚಹಾ ಚೆಲ್ಲಿಕೊಂಡರು.

ಬೇರೆ ಎಲ್ಲ ಆಮೇಲೆ ಬರೆಯುತ್ತೇನೆ. ಮೊದಲು ಪ್ರಶ್ನೆಗಳು. ಲಸಿಕೆ ಹಾಕಿದ್ದು ತೋಳಿಗೋ ಸೊಂಟಕ್ಕೋ? ಸೊಂಟಕ್ಕಾದರೆ ಸರಿಯಾಗಿ ಹಿಡಿಯುವುದಿಲ್ಲ. ಸಕ್ಕರೆ ಕಾಯಿಲೆ ನೋಡಿಸಿದ್ದೀಯಾ? ಆ ಮೂರು ಡೋಸಿನ ತಿಂಗಳುಗಳಲ್ಲಿ ದಿನಕ್ಕೆ ಎಷ್ಟು ಗಂಟೆ ಮಲಗುತ್ತಿದ್ದೆ? ಮಂಚದ ಮೇಲೆ ಇದ್ದದ್ದಲ್ಲ, ನಿಜವಾಗಿ ನಿದ್ರಿಸಿದ್ದು.

ಒಳಗೆ ಏನಾಗುತ್ತದೆ ಕೇಳು. ಲಸಿಕೆ ಎಂದರೆ ವೈರಸ್ಸಿನ ಹೊರಮೈಯ ಒಂದು ಚೂರು. ತೋಳಿನಲ್ಲಿ ಅದನ್ನು ಕಂಡ ಜೀವಕೋಶಗಳು ಎತ್ತಿಕೊಂಡು ಕಂಕುಳಿನ ಗ್ರಂಥಿಗೆ ಹೋಗಿ ಅಲ್ಲಿರುವ ಬೇರೆ ಕೋಶಗಳಿಗೆ ತೋರಿಸುತ್ತವೆ: ಇದನ್ನು ನೋಡಿಟ್ಟುಕೊಳ್ಳಿ ಎಂದು. ಗುರುತು ಹಿಡಿದವು ಸಾವಿರ ಪಟ್ಟು ಹೆಚ್ಚುತ್ತವೆ, ಆ್ಯಂಟಿಬಾಡಿ ತಯಾರಿಸುತ್ತವೆ, ನೆನಪಿಟ್ಟುಕೊಳ್ಳುತ್ತವೆ. ಈ ತೋರಿಸುವ, ಕಲಿಯುವ ಕೆಲಸಕ್ಕೆ ಒಳ್ಳೆಯ ಹೊತ್ತು ಯಾವುದು ಗೊತ್ತಾ? ರಾತ್ರಿಯ ಮೊದಲ ಭಾಗದ ಗಾಢ ನಿದ್ರೆ! ಆಗ ಒತ್ತಡದ ಹಾರ್ಮೋನು ಕೆಳಗಿಳಿದಿರುತ್ತದೆ. ನಿದ್ರೆ ಕೆಟ್ಟರೆ ಅದು ಇಳಿಯಬೇಕಾದ ಹೊತ್ತಿಗೆ ಇಳಿಯುವುದಿಲ್ಲ. ವರ್ಷಗಟ್ಟಲೆ ಹೀಗಾದರೆ ಮೈಯೊಳಗೆ ಸಣ್ಣ ಉರಿಯೂತ ಆರದೆ ಉಳಿಯುತ್ತದೆ, ಸೋಂಕು ತಗಲಿದ ಕೋಶಗಳನ್ನು ಹುಡುಕಿ ಕೊಲ್ಲುವ ಕೋಶಗಳು ಸೋಮಾರಿಯಾಗುತ್ತವೆ. ನಿನ್ನ ಸರ್ಪಸುತ್ತು ಏನು ಗೊತ್ತಾ? ಚಿಕ್ಕಂದಿನ ಕೋಟ್ಲೆಯ, ಅಂದರೆ ಚಿಕನ್‌ಪಾಕ್ಸಿನ ವೈರಸ್ಸೇ. ನರದಲ್ಲಿ ಅಡಗಿ ಕೂತಿದ್ದು, ಕಾವಲು ಸಡಿಲಾದದ್ದು ನೋಡಿ ಎದ್ದು ಬಂದಿರಬಹುದು. ಕಡಿಮೆ ನಿದ್ರೆಯವರಲ್ಲಿ ಇದೇ ಹೆಪಟೈಟಿಸ್ ಲಸಿಕೆ ಕಡಿಮೆ ಹಿಡಿದದ್ದನ್ನು ಅಳೆದು ನೋಡಿದವರೂ ಇದ್ದಾರೆ.

ನಿನ್ನದೂ ಅದೇ ಎಂದು ಆಣೆ ಇಟ್ಟು ಹೇಳಲಾರೆ. ಚೆನ್ನಾಗಿ ಮಲಗುವವರಲ್ಲೂ ಕೆಲವರಿಗೆ ಹಿಡಿಯುವುದಿಲ್ಲ. ಆದರೆ ನಿದ್ರೆ ಸರಿಮಾಡಿ ನೋಡುವುದರಿಂದ ನಷ್ಟವೇನು?

ಒಂದು ಪಟ್ಟಿ ಇಟ್ಟಿದ್ದೇನೆ. ಎರಡು ವಾರ ತುಂಬಿಸು: ಎಷ್ಟಕ್ಕೆ ಮಲಗಿದೆ, ಎಷ್ಟು ಸಲ ಎಚ್ಚರ, ಯಾಕೆ ಎಚ್ಚರ. ಸಂಜೆ ಆರರ ನಂತರ ಫೋನ್ ಮುಟ್ಟಬೇಡ. ಹೇಳುವುದಿದ್ದರೆ ಕಾಗದದಲ್ಲಿ ಬರೆ. ನಾನೂ ಹಾಗೇ ಮಾಡುತ್ತೇನೆ.

ಓಡಿಬರುವಷ್ಟು ಸಂತೋಷದಲ್ಲಿರುವ,
ವಿಜೇತಾ


ಬೆಳ್ತಂಗಡಿ
9 ಫೆಬ್ರವರಿ 2025

ವಿಜೇತಾ,

ತೋಳಿಗೇ ಹಾಕಿದ್ದು. ಸಕ್ಕರೆ ಇಲ್ಲ. ಪಟ್ಟಿ ಇದರೊಳಗಿದೆ.

ಕೂಡಿಸಿ ಭಾಗಿಸಿ ನೋಡಿದೆ, ದಿನಕ್ಕೆ ಮೂರು ಗಂಟೆ ನಲವತ್ತು ನಿಮಿಷ. ಅದೂ ತುಂಡು ತುಂಡು. ನನಗೇ ನಂಬಿಕೆ ಬರಲಿಲ್ಲ. ನಾನು ಬಾಡಿಗೆಗಿರುವ ಮನೆಯ ಪ್ರಫುಲ್ಲಕ್ಕನಿಗೆ ತೋರಿಸಿದೆ. ಅವರು ಜಗಲಿಯಲ್ಲಿ ಬೀಡಿ ಕಟ್ಟುತ್ತ ಇಡೀ ಕೇರಿಯ ಆರೋಗ್ಯ ನೋಡಿಕೊಳ್ಳುವವರು. "ಅಯ್ಯೋ ದೇವರೇ, ನಮ್ಮ ಬೆಕ್ಕು ಮಧ್ಯಾಹ್ನ ಒಂದೇ ಇದಕ್ಕಿಂತ ಹೆಚ್ಚು ಮಲಗ್ತದೆ ಮಾರಾಯ್ತಿ!" ಎಂದು ಅವತ್ತೇ ಜಾಯಿಕಾಯಿ ತೇದರು. ಮರುದಿನ ಕಾಲಿಗೆ ಎಣ್ಣೆ. ಈಗ ಎಮ್ಮೆ ಹಾಲು.

"ಯಾಕೆ ಎಚ್ಚರ" ಎಂಬ ಕಾಲಂ ಮೊದಲ ವಾರ ಖಾಲಿ ಬಿಟ್ಟಿದ್ದೆ. ಎರಡನೇ ವಾರ ತುಂಬಿಸಿದೆ. ನಗಬೇಡ. ಉಮ್ಮನ ಕೊನೆಯ ವರ್ಷ ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಉಸಿರಿನ ಸದ್ದು ಬದಲಾದರೆ ಕೂಡಲೇ ಎಬ್ಬಿಸಿ ಕೂರಿಸಬೇಕು. ಅದಕ್ಕೆ ಅರ್ಧ ಕಿವಿ ತೆರೆದಿಟ್ಟು ಮಲಗಿ ಅಭ್ಯಾಸವಾಯಿತು. ಉಮ್ಮ ಹೋಗಿ ಮೂರು ವರ್ಷ. ಈಗಲೂ ಥಟ್ಟನೆ ಎದ್ದು ಕೂರುತ್ತೇನೆ. ಕೋಣೆಯಲ್ಲಿ ಯಾರೂ ಇಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಬೆಳಗಾಗುವುದನ್ನು ಕಾಯುವುದು.

ಇದನ್ನು ಯಾರಿಗೂ ಹೇಳಿರಲಿಲ್ಲ.

ನುಸ್ರತ್


ಮಿಜಾರು
13 ಫೆಬ್ರವರಿ 2025

ನುಸ್ರತ್,

ನಗಲಿಲ್ಲ. ಪಟ್ಟಿಯ ಗಂಟೆಗಳನ್ನು ಎರಡು ಸಲ ಕೂಡಿಸಿ ನೋಡಿದೆ.

ಈಗ ಒಳ್ಳೆಯ ಸುದ್ದಿ! ನಾನು ವೈದ್ಯೆಯಲ್ಲ, ಪಾಠ ಮಾಡುವವಳು. ಅದಕ್ಕೆ ಮಂಗಳೂರಿನಲ್ಲಿ ನಿದ್ರೆಯ ತೊಂದರೆ ನೋಡುವ ಡಾಕ್ಟರೊಬ್ಬರನ್ನು ಹುಡುಕಿದೆ. ಮುಂದಿನ ವಾರದ ಶನಿವಾರ ಹನ್ನೊಂದಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಮಾತ್ರೆಗೆ ಮೊದಲು ಅಭ್ಯಾಸ ತಿದ್ದುವ ಚಿಕಿತ್ಸೆ ಕೊಡುತ್ತಾರಂತೆ. ಕೇಳಿದರೆ ನಿನಗೆ ಸಿಟ್ಟು ಬರುತ್ತದೆ. ನಿದ್ರೆ ಬಾರದವರಿಗೆ ಮೊದಲು ಹೇಳುವುದು ಏನು ಗೊತ್ತಾ? ಮಂಚದ ಮೇಲೆ ಇರುವ ಹೊತ್ತನ್ನು ಕಡಿಮೆ ಮಾಡಿ ಅಂತ! ನಿದ್ರೆ ಬಾರದಿದ್ದರೆ ಎದ್ದು ಹೊರಗೆ ಕೂರಬೇಕು. ಏಳುವ ಹೊತ್ತು ಮಾತ್ರ ದಿನಾ ಒಂದೇ. ಮಂಚ ಎಂದರೆ ನಿದ್ರೆ ಎಂದು ಮೈ ಮತ್ತೆ ಕಲಿಯುತ್ತದೆ.

ಇನ್ನೊಂದು. ಮುಂದಿನ ಲಸಿಕೆ ಯಾವಾಗ ಎಂದು ನಿನ್ನ ಡಾಕ್ಟರಮ್ಮನನ್ನು ಕೇಳು. ಹೇಗೂ ನೀರಿನ ಕೋಣೆಯಲ್ಲಿದ್ದೀಯಲ್ಲ, ನಿದ್ರೆ ಸ್ವಲ್ಪ ಸರಿಯಾದ ಮೇಲೆ ಕೊಡಬಹುದಾ ಎಂದು ವಿಚಾರಿಸು. ಅವರು ಬೇಡ ಎಂದರೆ ಬೇಡ.

ಎಮ್ಮೆ ಹಾಲು ಕುಡಿ. ಪ್ರಫುಲ್ಲಕ್ಕನ ಮನಸ್ಸಿಗಾದರೂ ಒಳ್ಳೆಯದು.

ವಿಜೇತಾ


ಬೆಳ್ತಂಗಡಿ
20 ಏಪ್ರಿಲ್ 2025

ವಿಜ್ಜೀ!

ಐದು ಗಂಟೆ! ಒಂದೇ ಉಸಿರಿಗೆ ಐದು ಗಂಟೆ ಮಲಗಿದೆ! ಮೊನ್ನೆ ಮಾತ್ರ ಅಲ್ಲ, ಈ ವಾರ ನಾಲ್ಕು ಸಲ!

ಮೊದಲಿಂದ ಹೇಳುತ್ತೇನೆ. ನೀನು ಹೇಳಿದ ಡಾಕ್ಟರು ಹನ್ನೆರಡರಿಂದ ಐದೂಕಾಲರವರೆಗೆ ಮಾತ್ರ ಮಂಚ ಎಂದರು. ಐದೂಕಾಲು ಯಾಕೆಂದರೆ ಸುಬಹಿ ಬಾಂಗಿಗೆ, ಬೆಳಗಿನ ನಮಾಜಿನ ಕರೆಗೆ, ಹೇಗೂ ಏಳುತ್ತೇನೆ. ಆದರೆ ಹನ್ನೆರಡರವರೆಗೆ ಕಣ್ಣು ಬಿಟ್ಟುಕೊಂಡಿರುವುದು ಹೇಗೆ? ನಿದ್ರೆ ಬರುವುದಿಲ್ಲ ಎಂದು ಅಳುತ್ತಿದ್ದವಳು ಒಂದು ವಾರದಲ್ಲಿ ಒಂಬತ್ತೂವರೆಗೇ ತೂಕಡಿಸತೊಡಗಿದೆ! ಪ್ರಫುಲ್ಲಕ್ಕ ಕಾವಲಿಗೆ ಕೂತರು. ಟಿವಿಯಲ್ಲಿ ಯಕ್ಷಗಾನ ಹಾಕಿ, ನನ್ನ ಕೈಗೆ ಕತ್ತರಿ ಕೊಟ್ಟು ಬೀಡಿ ಎಲೆ ಕತ್ತರಿಸಲು ಹೇಳಿದರು. ನಾನು ಕತ್ತರಿಸಿದ ಎಲೆ ಯಾವುದಕ್ಕೂ ಬಾರದು. "ನುಸ್ರತ್, ಕಣ್ಣು ಬಿಡು! ಮಹಿಷಾಸುರ ಬರ್ಲಿಕ್ಕೆ ಇನ್ನೂ ಉಂಟು!" ಎಂದು ಮೊಣಕೈಯಿಂದ ತಿವಿಯುತ್ತಿದ್ದರು.

ಉಪವಾಸದ ತಿಂಗಳು ಬಂದಾಗ ಎಲ್ಲ ಹಾಳಾಯಿತು ಅಂದುಕೊಂಡೆ. ಡಾಕ್ಟರು ಸಹರಿಯ, ನಸುಕಿಗೆ ಮೊದಲಿನ ಊಟದ, ಹೊತ್ತಿಗೆ ಸರಿಯಾಗಿ ಗಂಟೆ ಬದಲಾಯಿಸಿಕೊಟ್ಟರು. ಎಚ್ಚರವಾದಾಗ ಉಮ್ಮನನ್ನು ಹುಡುಕಿದರೆ ಏನು ಮಾಡಬೇಕೆಂದೂ ಹೇಳಿದರು. ದೀಪ ಹಾಕಿ, ಖಾಲಿ ಕೋಣೆಯನ್ನು ಒಮ್ಮೆ ಪೂರ್ತಿ ನೋಡಿ, "ಉಮ್ಮ ಇಲ್ಲ. ನನ್ನ ಕೆಲಸ ಮುಗಿದಿದೆ" ಎಂದು ಗಟ್ಟಿಯಾಗಿ ಹೇಳಬೇಕಂತೆ. ಮೊದಲ ಸಲ ಹೇಳುವಾಗ ಎಷ್ಟು ಅತ್ತೆನೆಂದರೆ ಪ್ರಫುಲ್ಲಕ್ಕ ಬಾಗಿಲು ಬಡಿದರು. ಹತ್ತನೇ ಸಲ ಅಳಲಿಲ್ಲ. ಹದಿನೈದನೇ ಸಲ ಹೇಳುವ ಅಗತ್ಯವೇ ಬರಲಿಲ್ಲ, ಯಾಕೆಂದರೆ ಎಚ್ಚರವಾಗಲಿಲ್ಲ!

ಡಾಕ್ಟರಮ್ಮ ಒಪ್ಪಿದರು. ಏಪ್ರಿಲ್ ಏಳಕ್ಕೆ ಒಂದು ಡೋಸ್ ಕೊಟ್ಟಿದ್ದಾರೆ. ಜೂನಿನಲ್ಲಿ ರಕ್ತ ಪರೀಕ್ಷೆ, ಆಗಲೂ ಹತ್ತು ದಾಟದಿದ್ದರೆ ಇನ್ನೆರಡು ಡೋಸ್. ಡೋಸ್ ಕೊಟ್ಟ ವಾರವಿಡೀ ನಾನು ರಾಜಕುಮಾರಿಯ ಹಾಗೆ ಮಲಗಿದೆ. ಕಂಕುಳಿನಲ್ಲಿ ಪಾಠ ನಡೆಯುತ್ತಿರುವ ಹಾಗೆ ಅನಿಸುತ್ತಿತ್ತು!

ನಿನ್ನ ನುಸ್ರತ್


ಬೆಳ್ತಂಗಡಿ
25 ಮೇ 2025

ವಿಜೇತಾ,

ಪ್ರಫುಲ್ಲಕ್ಕನ ತಂಗಿಯ ಮಗ ಶೋಧನ್ ನಿನ್ನ ಕಾಲೇಜಿನಲ್ಲಿ ಓದುವುದು ನಿನಗೆ ಗೊತ್ತಿರಲಿಕ್ಕಿಲ್ಲ. ರಜೆಯಲ್ಲಿ ಇಲ್ಲಿಗೆ ಬಂದಿದ್ದ. ಊಟಕ್ಕೆ ಕೂತಾಗ ಹೇಳಿದ: "ನಮ್ಮ ವಿಜೇತಾ ಮೇಡಂ ಸೆಮಿನಾರಿನಲ್ಲಿ ಒಬ್ಬರ ನಿದ್ರೆಯ ಪಟ್ಟಿ ತೋರಿಸಿದ್ರು. ಅವರ ಮನೆ ಓನರ್ ಬೀಡಿ ಕಟ್ಟುವವರಂತೆ, ರಾತ್ರಿ ಯಕ್ಷಗಾನ ಹಾಕಿ ಕೂರಿಸ್ತಾರಂತೆ. ದೊಡ್ಡಮ್ಮ, ನಿಮ್ಮ ಹಾಗೇ!"

ಪ್ರಫುಲ್ಲಕ್ಕನಿಗೆ ಬಹಳ ಖುಷಿಯಾಯಿತು. ನನ್ನ ಹೆಸರು ಇರಲಿಲ್ಲವಂತೆ. ಆದರೆ ಪರದೆಯ ಮೇಲೆ ನನ್ನ ಅಕ್ಷರ ಇತ್ತಂತೆ. "ಉಮ್ಮನ ಉಸಿರು ಕೇಳಿದ ಹಾಗಾಯಿತು" ಎಂದು ಬರೆದ ಸಾಲನ್ನು ಆ ಹುಡುಗ ಬಾಯಿಪಾಠ ಹೇಳಿದ.

ಅಲ್ಲಿ ಕೂತಿದ್ದ ಇನ್ನೂರು ಜನ ನನ್ನ ಉಮ್ಮನ ಉಸಿರನ್ನು ಓದಿದರು. ನನ್ನನ್ನು ಒಂದು ಮಾತು ಕೇಳಬೇಕೆಂದು ನಿನಗೆ ಅನಿಸಲಿಲ್ಲ.

ಉಮ್ಮ ಕಾಯಿಲೆಯಲ್ಲಿದ್ದ ಎರಡು ವರ್ಷ ನೀನು ಒಂದು ಸಲವೂ ಬರಲಿಲ್ಲ. ಆಗ ನಾನು ಕೇಳಲಿಲ್ಲ. ಈಗಲೂ ಕೇಳುವುದಿಲ್ಲ.

ಎರಡು ದಿನದಿಂದ ಮತ್ತೆ ನಿದ್ರೆ ಇಲ್ಲ.

ನುಸ್ರತ್


ಬೆಳುವಾಯಿ
30 ಮೇ 2025

ನುಸ್ರತ್,

ತಪ್ಪಾಯಿತು. ಸ್ಲೈಡನ್ನು ಅಳಿಸಿದ್ದೇನೆ. ಅಳಿಸಿದ್ದರಿಂದ ಅವರು ಓದಿದ್ದು ಅಳಿಯುವುದಿಲ್ಲ ಎಂದು ಗೊತ್ತು. ಹೆಸರಿಲ್ಲದಿದ್ದರೆ ಸಾಕು ಅಂದುಕೊಂಡೆ. ಖುಷಿ ಹೆಚ್ಚಾದರೆ ನನಗೆ ಎದುರಿನ ಮನುಷ್ಯರು ಕಾಣುವುದಿಲ್ಲ. ನಿನ್ನ ಪಟ್ಟಿಯಲ್ಲಿ ನಾನು ಗಂಟೆಗಳನ್ನು ನೋಡುತ್ತಿದ್ದೆ.

ನೀನು ಕೇಳದ ಮಾತಿಗೂ ಉತ್ತರ ಬರೆಯುತ್ತೇನೆ. ನಿನ್ನ ಉಮ್ಮನಿಗೆ ಹುಷಾರಿಲ್ಲ ಎಂದು ತಿಳಿದ ಮೇಲೆ ಒಂದು ದಿನ ಹೊರಟಿದ್ದೆ. ವಿಟ್ಲದವರೆಗೆ ಬಂದೆ. ಕನ್ಯಾನದ ಬಸ್ಸು ಎದುರಿಗೆ ನಿಂತಿತ್ತು. ಹಾಸ್ಟೆಲಿಗೆ ಬಂದಾಗಲೆಲ್ಲ ನನಗೆಂದೇ ಬೇರೆ ಡಬ್ಬಿಯಲ್ಲಿ ಅಕ್ಕಿಯ ಪತ್ತಿರಿ ತರುತ್ತಿದ್ದವರು ಸಾಯುತ್ತಿರುವುದನ್ನು ನೋಡುವ ಧೈರ್ಯ ಬರಲಿಲ್ಲ. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ತಿರುಗಿ ಬೆಳುವಾಯಿಗೆ ಬಂದೆ. ಮರುದಿನ ಫೋನ್ ಮಾಡಲು ನಾಚಿಕೆ. ಆಮೇಲೆ ನಾಚಿಕೆ ದೊಡ್ಡದಾಗುತ್ತಲೇ ಹೋಯಿತು.

ಇದಕ್ಕೆ ಉತ್ತರ ಬರೆಯಬೇಕೆಂದಿಲ್ಲ. ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ನಿಲ್ಲಿಸಬೇಡ.

ವಿಜೇತಾ


ಬೆಳ್ತಂಗಡಿ
29 ಜೂನ್ 2025

ವಿಜೇತಾ,

ವರದಿ ಬಂತು. ಎಂಟು ಪಾಯಿಂಟ್ ನಾಲ್ಕು.

ಹತ್ತಕ್ಕೆ ಒಂದು ಪಾಯಿಂಟ್ ಆರು ಕಡಿಮೆ. ಲ್ಯಾಬಿನ ಎದುರಿನ ಬೆಂಚಿನಲ್ಲಿ ಕೂತು ಅತ್ತೆ. ಈ ಅಂಕಿಯನ್ನು ಯಾರಿಗೆ ಹೇಳಬೇಕು ಎಂದು ಯೋಚಿಸಿದಾಗ ಬಂದದ್ದು ನಿನ್ನ ಮುಖ. ಅದಕ್ಕೂ ಸಿಟ್ಟು ಬಂತು.

ವಿಟ್ಲದಲ್ಲಿ ಎರಡು ಬಸ್ಸು ಬಿಟ್ಟೆ ಎಂದಿದ್ದೀ. ಮೂರನೆಯದು ಹತ್ತಬೇಕಿತ್ತು. ಉಮ್ಮ ನಿನ್ನನ್ನು ಕೇಳುತ್ತಿದ್ದರು. "ಆ ಬಡಬಡಿ ಎಲ್ಲಿ?" ಎನ್ನುತ್ತಿದ್ದರು. ಪರೀಕ್ಷೆ ಇದೆ ಎಂದು ನಾನೇ ಸುಳ್ಳು ಹೇಳುತ್ತಿದ್ದೆ.

ಹೇಳು, ಎಂಟು ಪಾಯಿಂಟ್ ನಾಲ್ಕು ಎಂದರೆ ಏನು?

ನುಸ್ರತ್


ಮಿಜಾರು
3 ಜುಲೈ 2025

ನುಸ್ರತ್,

ನಾಲ್ಕು ಪಟ್ಟು ಎಂದರ್ಥ! ಮೂರು ಡೋಸಿನಲ್ಲಿ ಎರಡು ಇದ್ದದ್ದು ಒಂದೇ ಡೋಸಿನಲ್ಲಿ ನಾಲ್ಕು ಪಟ್ಟು! ನಿನ್ನ ಮೈ ಕಲಿಯುತ್ತಿದೆ ಮಾರಾಯ್ತಿ! ನಿಲ್ಲಿಸಬೇಡ, ಉಳಿದೆರಡು ಡೋಸ್ ಹಾಕಿಸಿಕೋ. ಇದು ನಿದ್ರೆಯಿಂದಲೋ ಹೆಚ್ಚಿನ ಡೋಸಿನಿಂದಲೋ ಎಂದು ಒಬ್ಬಳನ್ನು ನೋಡಿ ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಈ ಸಲ ಯಾವ ಸೆಮಿನಾರಿನಲ್ಲೂ ಹೇಳುವುದಿಲ್ಲ.

ಉಮ್ಮ ಕೇಳುತ್ತಿದ್ದರು ಎಂದು ಬರೆದೆಯಲ್ಲ. ಆ ಸಾಲು ಓದಿ ಕ್ಲಾಸಿಗೆ ಹೋಗಲಾಗಲಿಲ್ಲ.

ಬಡಬಡಿ


ಬೆಳ್ತಂಗಡಿ
30 ನವೆಂಬರ್ 2025

ವಿಜ್ಜೀ, ವಿಜ್ಜೀ, ವಿಜ್ಜೀ!

ಇನ್ನೂರ ಹನ್ನೆರಡು!

ಉಳಿದೆರಡು ಡೋಸ್ ಆದ ಮೇಲಿನ ಅಂಕಿ. ಇನ್ನೊಮ್ಮೆ ಬರೆಯುತ್ತೇನೆ. ಇನ್ನೂರ ಹನ್ನೆರಡು! ಲ್ಯಾಬಿನವನಿಗೆ ಮೂರು ಸಲ ಕೇಳಿದೆ, "ಸರಿ ನೋಡಿ, ಬೇರೆಯವರದ್ದು ಅಲ್ಲ ಅಲ್ವಾ?" ಎಂದು. "ನಿಮ್ಮದೇ ಅಕ್ಕ, ಎಷ್ಟು ಸಲ ಹೇಳುವುದು!" ಎಂದ. ಡಾಕ್ಟರಮ್ಮ ವರದಿ ನೋಡಿ ಒಂದು ಜೊತೆ ಕೈಗವಸು ತೆಗೆದು ನನ್ನ ಎದುರು ಇಟ್ಟರು. ಈಗ ದಿನಕ್ಕೆ ಆರೂವರೆ ಗಂಟೆ ಮಲಗುತ್ತೇನೆ. ಜೂನಿನಿಂದ ಒಂದು ನೆಗಡಿಯೂ ಬಂದಿಲ್ಲ!

ಬುಧವಾರ ಮೊದಲ ಸೂಜಿ ಚುಚ್ಚಿದೆ. ರೋಗಿ ರುಕ್ಮಯ್ಯ ಎಂಬ ಹಿರಿಯರು. "ನೋಯ್ತದಾ?" ಎಂದು ನಾನು ಕೇಳಿದೆ. "ನೀನು ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಮಗಾ" ಎಂದರು. ಸುಳ್ಳಿರಬಹುದು. ಇರಲಿ!

ಬಾ ವಿಜ್ಜೀ. ಇನ್ನು ಪತ್ರ ಸಾಕು. ಯಾವ ಭಾನುವಾರವಾದರೂ ಬಾ.

ನಿನ್ನ ನುಸ್ರತ್


ನಿನ್ನ ಜಗಲಿ, ಬೆಳ್ತಂಗಡಿ
14 ಡಿಸೆಂಬರ್ 2025, ಬೆಳಗ್ಗೆ ಹತ್ತು ಗಂಟೆ

ನುಸ್ರತ್,

ನಾನು ಬಂದಿದ್ದೇನೆ. ಒಂಬತ್ತು ಗಂಟೆಗೇ ಬಂದೆ. ಬಾಗಿಲು ತಟ್ಟಲು ಕೈ ಎತ್ತಿದ್ದೆ, ಒಬ್ಬರು ಓಡಿಬಂದು ನನ್ನ ಕೈ ಹಿಡಿದರು. "ಶ್! ಯಾರು ನೀವು? ಮಲಗಿದ್ದಾಳೆ, ಎಬ್ಬಿಸಬಾರದು!" ಹೇಳದೆಯೇ ತಿಳಿಯಿತು, ಪ್ರಫುಲ್ಲಕ್ಕ.

ನಾನು ಯಾರು ಎಂದು ಹೇಳಿದೆ. "ಓ, ಸ್ಲೈಡಿನ ಮೇಡಂ!" ಎಂದರು. ತಲೆ ತಗ್ಗಿಸಿದೆ. ಅವರು ಬೆಲ್ಲ ಕೊಟ್ಟು ನೀರು ಕೊಟ್ಟರು, ಆಮೇಲೆ ಪಿಸುಮಾತಿನಲ್ಲಿ ಎಲ್ಲ ಹೇಳಿದರು. ನಿನ್ನೆ ರಾತ್ರಿ ಹಾವು ಕಚ್ಚಿ ಮೂತ್ರ ನಿಂತುಹೋದ ಹೆಂಗಸೊಬ್ಬಳನ್ನು ತಂದರಂತೆ. ಆಸ್ಪತ್ರೆಯವರು ನಿನಗೆ ಫೋನ್ ಮಾಡಿದರಂತೆ. ನೀನು ಆರು ಗಂಟೆ ಹೊತ್ತು ಯಂತ್ರದ ಹತ್ತಿರ ನಿಂತೆಯಂತೆ. "ಬದುಕಿದಳು. ನುಸ್ರತ್ ಬೆಳಗ್ಗೆ ಬಂದವಳೇ ಅದೊಂದೇ ಮಾತು ಹೇಳಿದ್ಳು, ನಮಾಜು ಮಾಡಿದ್ಳು, ಬಿದ್ಕೊಂಡ್ಳು. ಇವತ್ತೊಂದು ದಿನ ಡಾಕ್ಟ್ರ ಟೈಂಟೇಬಲ್ ಇಲ್ಲ ಅಂತ ನಾನೇ ಹೇಳಿದ್ದೇನೆ."

ನಿನಗೆ ಗೊತ್ತಿಲ್ಲ, ಹಿಂದಿನ ಮನೆಯಲ್ಲಿ ಮದುವೆಯ ಚಪ್ಪರ ಏಳುತ್ತಿದೆ. ಅರ್ಧ ಗಂಟೆಯಿಂದ ಒಬ್ಬ "ಹಲೋ, ಮೈಕ್ ಚೆಕ್" ಎಂದು ಊರಿಗೆಲ್ಲ ಕೂಗುತ್ತಿದ್ದಾನೆ. ತೆಂಗಿನಮರದಿಂದ ಕಾಯಿ ನಿನ್ನ ಹಂಚಿನ ಮಾಡಿಗೇ ಬಿತ್ತು, ನಾನು ಬೆಚ್ಚಿ ಎದ್ದೆ. ಪ್ರಫುಲ್ಲಕ್ಕನ ಮಿಕ್ಸಿ ಎರಡು ಸಲ ತಿರುಗಿತು. ಅವರು ಪ್ರತಿ ಸಲವೂ ನಿನ್ನ ಕಿಟಕಿಗೆ ಕಿವಿಯಿಟ್ಟು, ನನ್ನ ಕಡೆ ತಿರುಗಿ, ಇಲ್ಲ ಎಂದು ಕೈಯಾಡಿಸುತ್ತಾರೆ. ಏನೂ ಆಗಿಲ್ಲ. ನೀನು ಮಲಗೇ ಇದ್ದೀಯ!

ನನಗೆ ಕುಣಿಯಬೇಕು ಅನಿಸುತ್ತಿದೆ. ಕುಣಿದರೆ ಸದ್ದಾಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಹನ್ನೊಂದಾದರೂ ಕೂರುತ್ತೇನೆ. ಸಂಜೆಯಾದರೂ ಕೂರುತ್ತೇನೆ. ನೀನು ಏಳುವಾಗ ಮೊದಲು ಏನು ಹೇಳಬೇಕೆಂದು ಬಸ್ಸಿನಲ್ಲಿ ಬರುತ್ತ ತಯಾರಿ ಮಾಡಿದ್ದೆ, ಎಲ್ಲ ಮರೆತುಹೋಯಿತು.

ಒಳಗೆ ಮಂಚ ಕಿರುಗುಟ್ಟಿತು. ಪ್ರಫುಲ್ಲಕ್ಕ ಮಿಕ್ಸಿಯನ್ನು ಬಯ್ಯುತ್ತಿದ್ದಾರೆ. ಚಿಲಕ ತೆಗೆಯುವ ಸದ್ದು. ಪೆನ್ನು ಕೆಳಗಿಡುತ್ತೇನೆ.

ವಿಜೇತಾ